ಯಾರ ತಮಟೆ ಇಳಿದಿದೆ

ನಾನು ಓದು ನಿಲ್ಲಿಸಿದ್ದು ೧೯೭೪ರಲ್ಲಿ, ಮಾಂಬಳ್ಳಿ ಶಾಲೆಯ ಆರನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನನ್ನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ, ಕುಳಿತ ಹಲಗೆಯನ್ನು ತಟ್ಟುತ್ತಲೇ ಇರುತ್ತಿದ್ದವು. ಮೇಷ್ಟ್ರು ಒಂದು ದಿನ ರೇಗಿ ಬೆತ್ತದಲ್ಲಿ ನಾಲ್ಕು ಬಿಟ್ಟರು. ಏಟು ನೋವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಮೂರನೆಯ ಏಟು ತಾಳ ತಪ್ಪಿ ಬಿತ್ತು, ಅದು ನನಗೆ ಇವತ್ತಿಗೂ ನೆನಪಿದೆ. ಅದೇ ವಾರ ದೊಡ್ಡಪ್ಪ ರಾಚಯ್ಯನ ತಮಟೆ ಮೇಳದಲ್ಲಿ ಒಬ್ಬ ಆಳು ಕಮ್ಮಿಯಾದ. ನಾನು ಶಾಲೆಯ ಕಡೆ ಹೋಗುವ ದಾರಿ ಬಿಟ್ಟು ದೊಡ್ಡಪ್ಪನ ಮನೆಯ ದಾರಿ ಹಿಡಿದೆ. ಅಲ್ಲಿಂದ ನಲವತ್ತೊಂಬತ್ತು ವರ್ಷ ತಮಟೆ ಬಾರಿಸಿದೆ, ಅದರಲ್ಲಿ ಮುಕ್ಕಾಲು ಪಾಲು ಮೇಳದ ಮುಂದಾಳಾಗಿ.

ಈಗ ಭಾನುವಾರ ನಮ್ಮ ಬೀದಿಯ ಸಮುದಾಯ ಭವನದ ಮುಂದೆ ಕಾಲೇಜಿನ ಹುಡುಗ ಹುಡುಗಿಯರು ಕಲಿಯಲು ಬರುತ್ತಾರೆ. ಹದಿನೈದು ದಿನದಲ್ಲಿ ಕಲಿಸಿಬಿಡಿ ಎನ್ನುತ್ತಾರೆ. ಕೈ ಹದಿನೈದು ದಿನದಲ್ಲಿ ಬರುತ್ತದೆ. ಕಿವಿ ಬರುವುದಕ್ಕೆ ನನಗೆ ಎಂಟು ವರ್ಷ ಹಿಡಿಯಿತು. ಅದು ಹೋಗುವುದಕ್ಕೆ ಎಷ್ಟು ಹಿಡಿಯಿತು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ, ನನಗಿಂತ ಮೊದಲು ಬೇರೆಯವರಿಗೆ ತಿಳಿಯಿತು. ಈ ಕೆಲಸಕ್ಕೆ ಬರುವವರು ಆ ಕಿವಿಯ ವಿಷಯ ತಿಳಿದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯ. ತಮಟೆ ಎಂದರೆ ಒಂದು ಬಳೆ, ಒಂದು ಚರ್ಮ, ಎರಡು ಕೋಲು. ಬಳೆ ಮೊದಲು ಮರದ್ದಿತ್ತು, ಆಮೇಲೆ ಕಬ್ಬಿಣದ ಪಟ್ಟಿಯದಾಯಿತು. ಕರುವಿನ ಇಲ್ಲವೇ ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಹುಣಸೆ ಬೀಜದ ಅಂಟು ಬಳಿದು ಬಳೆಗೆ ಬಿಗಿಯುತ್ತೇವೆ. ಎಡ ಹೆಗಲಿಗೆ ನೇತು ಹಾಕಿಕೊಂಡು ಎಡಗೈಯಲ್ಲಿ ಬಿದಿರಿನ ಸೀಳುಕಡ್ಡಿ, ಬಲಗೈಯಲ್ಲಿ ಗೇಣುದ್ದದ ದಪ್ಪ ಕೋಲು ಹಿಡಿಯಬೇಕು. ದಪ್ಪ ಕೋಲು ನಡುವಿಗೆ ಬಿದ್ದರೆ ‘ಧೂಂ’, ಅಂಚಿಗೆ ಬಿದ್ದರೆ ‘ಟಣ್’. ಸೀಳುಕಡ್ಡಿ ‘ಚಟ್’ ಎನ್ನುತ್ತದೆ. ಈ ಮೂರು ಬಿಟ್ಟು ನಾಲ್ಕನೆಯ ಮಾತು ತಮಟೆಗೆ ಬರುವುದಿಲ್ಲ. ರಾಗ ಇಲ್ಲ, ಪಿಸುಮಾತು ಇಲ್ಲ. ಸಿನಿಮಾ ಹಾಡು ಬಾರಿಸಿ ಎಂದು ಮದುವೆ ಗಂಡಿನ ಗೆಳೆಯರು ದುಂಬಾಲು ಬೀಳುತ್ತಾರೆ. ಹಾಡಿನ ತಾಳ ಬಾರಿಸಬಹುದು, ಹಾಡನ್ನು ಬಾರಿಸಲಾಗುವುದಿಲ್ಲ. ಚೌಲ್ಟ್ರಿಯ ಒಳಗೆ ಬಾರಿಸಿದರೆ ಗೋಡೆಗಳು ನಾಲ್ಕೂ ಕಡೆಯಿಂದ ತಿರುಗಿ ಹೊಡೆಯುತ್ತವೆ, ಯಾವುದು ನಮ್ಮ ಏಟು ಯಾವುದು ಗೋಡೆಯದು ಗೊತ್ತಾಗುವುದಿಲ್ಲ. ಇದು ಬಯಲಿನ ವಾದ್ಯ.

ಎಲ್ಲಕ್ಕಿಂತ ದೊಡ್ಡ ತೊಡಕು ಚರ್ಮದ್ದು. ಮಳೆ, ಮಂಜು, ಬೆವರು, ಯಾವುದರ ತೇವ ತಗುಲಿದರೂ ತಮಟೆ ಇಳಿಯುತ್ತದೆ, ಅಂದರೆ ಚರ್ಮ ಸಡಿಲವಾಗಿ ದನಿ ಕೆಳಕ್ಕೆ ಬೀಳುತ್ತದೆ. ಆಗ ತೆಂಗಿನ ಗರಿಯನ್ನೋ ಹುಲ್ಲನ್ನೋ ಉರಿಸಿ ಕಾಯಿಸಬೇಕು. ಕಾಯಿಸಿದರೆ ಏರುತ್ತದೆ. ಏರಿದ ಮೇಲೂ ಕಾಯಿಸಿದರೆ ಸೀಳುತ್ತದೆ. ಗದ್ದಲದ ನಡುವೆ ಕುಣಿಯುತ್ತಾ ಬಾರಿಸುವವನಿಗೆ ತನ್ನದು ಇಳಿದದ್ದು ಬೇಗ ತಿಳಿಯುವುದಿಲ್ಲ. ಅದಕ್ಕೇ ಮುಂದಾಳು ಇರುವುದು. ಎಂಟು ಜನರ ಸಾಲಿನಲ್ಲಿ ಅವನು ಎಡದ ತುದಿಯಲ್ಲಿ ನಿಂತು, ಎಂಟು ದನಿಯನ್ನೂ ಬಿಡಿಬಿಡಿಯಾಗಿ ಕೇಳಿಸಿಕೊಂಡು, ಇಳಿದವನ ಹೆಸರು ಹಿಡಿದು ಕೂಗಿ ಬೆಂಕಿಗೆ ಕಳಿಸಬೇಕು. ಕೂಗಿಸಿಕೊಂಡವನು ಹೋಗಲೇಬೇಕು, ಮರುಮಾತಾಡುವಂತಿಲ್ಲ. ಇದು ನಮ್ಮ ಮೇಳದ ಕಟ್ಟು. ಗತ್ತು, ಅಂದರೆ ತಾಳದ ವರಸೆ, ಬದಲಿಸುವುದು, ಕುಣಿಸುವುದು ಎಲ್ಲ ಆಮೇಲೆ. ಕಿವಿ ಇಲ್ಲದವನು ಮುಂದಾಳಲ್ಲ.

ದೊಡ್ಡಪ್ಪ ರಾಚಯ್ಯ ಅಂಥ ಕಿವಿಯವನು. ಅವನಿಗೆ ಮುಂಚೆ ತಮಟೆ ನಮ್ಮ ಬೀದಿಯವರ ಪಾಲಿಗೆ ಚಾಕರಿ. ಕರೆದಾಗ ಹೋಗಬೇಕು, ದೂರ ನಿಲ್ಲಬೇಕು, ಕೊಟ್ಟದ್ದು ತಿನ್ನಬೇಕು. ಅವನು ಮುಂದಾಳಾದ ಮೇಲೆ, ಎಲೆ ಅಡಿಕೆ ಕೊಟ್ಟು ಕರೆದವರ ಮನೆಗೆ ಮಾತ್ರ ಮೇಳ ಬರುತ್ತದೆ ಎಂದು ಹೇಳಿಬಿಟ್ಟ. ದೊಡ್ಡ ಮನೆಗಳವರು ಒಂದೆರಡು ವರ್ಷ ಮುಖ ತಿರುಗಿಸಿದರು, ಆಮೇಲೆ ತಟ್ಟೆ ಹಿಡಿದು ಬಂದರು. ‘ಬಡಿಯುವುದು’ ಎಂದು ಯಾರಾದರೂ ಅಂದರೆ ಅವನಿಗೆ ಆಗುತ್ತಿರಲಿಲ್ಲ. “ಬಡಿಯಾದು ರಾಗಿ ತೆನೆಯ. ತಮ್ಟೆಯ ಬಾರುಸ್ಬೇಕು” ಎನ್ನುತ್ತಿದ್ದ.

ಮೊದಲ ವರ್ಷ ನನ್ನ ಕೈಗೆ ತಮಟೆ ಕೊಡಲಿಲ್ಲ. ಹಳೆಯ ಮೊರದ ಮೇಲೆ ದಪ್ಪ ಕೋಲು, ಅಷ್ಟೇ. ಎರಡನೆಯ ವರ್ಷ ಸೀಳುಕಡ್ಡಿ. ಆ ಕಡ್ಡಿಯೇ ಕಷ್ಟ. ಹೆಬ್ಬೆರಳು ತಮಟೆಯ ಅಂಚನ್ನು ಬಿಡಕೂಡದು, ಉಳಿದ ಬೆರಳಲ್ಲೇ ಕಡ್ಡಿ ಆಡಬೇಕು. ದಪ್ಪ ಕೋಲು ಬಿಟ್ಟ ಸಂದಿಯನ್ನು ಅದು ತುಂಬಬೇಕು. ಈಗಿನವರು ದಪ್ಪ ಕೋಲಿನಲ್ಲಿ ಭರ್ಜರಿಯಾಗಿ ಬಾರಿಸುತ್ತಾರೆ, ಎಡಗೈ ಮಾತ್ರ ಸತ್ತಂತೆ ಬಿದ್ದಿರುತ್ತದೆ.

ಎಡಗೈ ಸತ್ತರೆ ಏನಾಗುತ್ತದೆ ಎಂದು ನಾನು ಮಧುವನಹಳ್ಳಿಯಲ್ಲಿ ಕಲಿತೆ. ಆಗ ನನಗೆ ಹದಿನೇಳು ಹದಿನೆಂಟು. ಒಂದು ಜಮೀನ್ದಾರರ ಮನೆಯ ಮದುವೆ, ಮಧ್ಯಾಹ್ನ. ಮೇಳದವರೆಲ್ಲ ಊಟಕ್ಕೆ ಕುಳಿತಿದ್ದರು, ಗಂಡಿನ ಕಡೆಯವರು ಬಂದರೆ ಬಾರಿಸಲಿ ಎಂದು ನನ್ನೊಬ್ಬನನ್ನು ಚಪ್ಪರದ ಬಾಗಿಲಲ್ಲಿ ನಿಲ್ಲಿಸಿದ್ದರು. ಹಿಂದಿನ ದಿನ ಕಬ್ಬು ಕಡಿಯುವಾಗ ಎಡಗೈ ಬೆರಳು ಕೊಯ್ದುಕೊಂಡಿದ್ದೆ. ನಮ್ಮ ಮೇಳದಲ್ಲಿ ಮದುವೆಯ ಗತ್ತಿಗೂ ಸಾವಿನ ಗತ್ತಿಗೂ ಹೆಚ್ಚು ದೂರವಿಲ್ಲ. ದಪ್ಪ ಕೋಲಿನ ಮೂರು ಏಟಾದ ಮೇಲೆ ಸೀಳುಕಡ್ಡಿಯಿಂದ ಎರಡು ಏಟು ತುಂಬಿದರೆ ಮದುವೆ. ಆ ಜಾಗ ಖಾಲಿ ಬಿಟ್ಟರೆ ಸಾವು. ಬೆರಳು ಉರಿಯುತ್ತಿತ್ತು, ಗಂಡಿನ ಕಡೆಯವರ ಬಸ್ಸು ಬಂದು ನಿಂತಿತು, ನಾನು ಬಲಗೈ ನಂಬಿಕೊಂಡು ಬಾರಿಸತೊಡಗಿದೆ.

ಒಳಗಿನಿಂದ ಆ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣು ಸರಿಯಾಗಿ ಕಾಣದವರು. ನೇರ ನನ್ನ ಹತ್ತಿರವೇ ಬಂದು ಕೇಳಿದರು: “ಯಾರಪ್ಪ ತೀರೋದೋರು? ನಂಗ ಯಾರೂ ಯೋಳ್ನೇ ಇಲ್ವಲ್ಲ.”

ಬಸ್ಸಿನಿಂದ ಇಳಿಯುತ್ತಿದ್ದವರು ಮೆಟ್ಟಿಲ ಮೇಲೆಯೇ ನಿಂತರು. ಮನೆಯ ಯಜಮಾನರ ಮುಖ ಕಪ್ಪಾಯಿತು. ದೊಡ್ಡಪ್ಪ ಎಂಜಲು ಕೈಯಲ್ಲೇ ಓಡಿ ಬಂದು ನನ್ನ ಎಡಗೈಯ ಕಡ್ಡಿ ಕಿತ್ತುಕೊಂಡು ಆ ಎರಡು ಏಟು ತುಂಬಿದ. ಗತ್ತು ಮದುವೆಯದಾಯಿತು, ಜನ ಇಳಿದರು. ಸಂಜೆ ನಾನು ತಲೆ ತಗ್ಗಿಸಿ ಹೊರಟಾಗ ದೊಡ್ಡಪ್ಪ ತಡೆದ. “ತಪ್ಪಾಯ್ತು ಅನ್ನಕ್ಕ ತಮ್ಟೆಗ ಬಾಯಿಲ್ಲ ಕಣ್ಲಾ. ನಿಂಗದ. ಓಗಿ ಅನ್ನು.” ಹೋಗಿ ಅಜ್ಜಿಯ ಮುಂದೆ ನಿಂತು ಹೇಳಿದೆ. ಅವರು ನನ್ನ ಕೈಗೆ ಎರಡು ಕಜ್ಜಾಯ ಹಾಕಿ, ನನ್ನ ಸಾವಿಗೆ ನೀನೇ ಬರಬೇಕು, ಅವತ್ತು ಮಾತ್ರ ಮದುವೆಯ ಗತ್ತು ಬಾರಿಸಬೇಡ ಎಂದರು. ಆರು ವರ್ಷದ ಮೇಲೆ ಆ ಮನೆಯಿಂದ ಎಲೆ ಅಡಿಕೆ ಬಂತು. ಹೋಗಿ ಸರಿಯಾಗಿ ಬಾರಿಸಿದೆ.

ಕಿವಿಯ ಪರೀಕ್ಷೆ ದೊಡ್ಡಪ್ಪ ಮಾರಿಗುಡಿಯ ಹಿಂದೆ ಮಾಡುತ್ತಿದ್ದ. ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಹಿಂದೆ ಏಳು ಜನ ಒಟ್ಟಿಗೆ ಬಾರಿಸುವುದು, ಅದರಲ್ಲಿ ಒಂದಕ್ಕೆ ಮಾತ್ರ ಒದ್ದೆ ಬಟ್ಟೆ ಸವರಿರುವುದು. ಯಾರದು ಇಳಿದಿದೆ ಹೇಳು. ಮೊದಲ ಸಲ ತಪ್ಪಿದೆ, ಎರಡನೆಯ ಸಲ ತಪ್ಪಿದೆ. ಎಂಟನೆಯ ವರ್ಷದ ಹೊತ್ತಿಗೆ ತಿರುಗದೆ ಹೇಳುತ್ತಿದ್ದೆ. ಒಂದು ದಿನ ದೊಡ್ಡಪ್ಪ ಯಾರದಕ್ಕೂ ಒದ್ದೆ ಬಟ್ಟೆ ಸವರದೆ ಮೋಸ ಮಾಡಿದ. “ಯಾರ್ದೂ ಇಳ್ದಿಲ್ಲ, ಆದ್ರ ನಿಂದು ಜಾಸ್ತಿ ಏರ್ಬುಟ್ಟದ” ಎಂದೆ. ಅವನು ಶಹಭಾಸ್ ಎನ್ನಲಿಲ್ಲ. ಮಾರನೆಯ ದಿನ ಸಾಲು ನಿಂತಾಗ ಎಡದ ತುದಿಯನ್ನು ಖಾಲಿ ಬಿಟ್ಟು ತಾನು ಎರಡನೆಯವನಾಗಿ ನಿಂತುಕೊಂಡ. ಆ ಖಾಲಿ ಜಾಗ ನನ್ನದು ಎಂದು ಎಲ್ಲರಿಗೂ ಅರ್ಥವಾಯಿತು.

ಆ ಕಿವಿ ಎಷ್ಟು ಚುರುಕಿತ್ತು ಎಂಬುದಕ್ಕೆ ಲೊಕ್ಕನಹಳ್ಳಿಯ ಒಂದು ಬೆಳಗ್ಗೆ ಹೇಳುತ್ತೇನೆ. ಮೂರು ಆನೆ ಹೊಲಕ್ಕೆ ಇಳಿದಿದ್ದವು, ಸೂರ್ಯ ಹುಟ್ಟಿದರೂ ಕಾಡಿಗೆ ಹೋಗಿರಲಿಲ್ಲ. ಕಾಡಿನ ಅಧಿಕಾರಿಯೊಬ್ಬರು ನಮ್ಮ ಮೇಳಕ್ಕೆ ಜೀಪು ಕಳಿಸಿ ಕರೆಸಿದರು. ಅಲ್ಲಿ ಕನ್ನಡದ ಜೊತೆಗೆ ತಮಿಳೂ ನಡೆಯುತ್ತದೆ, ತಮಟೆಗೆ ಪರೈ ಎನ್ನುತ್ತಾರೆ. ಪರೈ ಬಂತು ಪರೈ ಬಂತು ಎಂದು ಜನ ದಾರಿ ಬಿಟ್ಟರು. ಜೋರಾಗಿ ಬಡಿಯಿರಿ ಎಂದರು ಅಧಿಕಾರಿ. ಬಡಿಯುವುದಲ್ಲ ಸಾ, ಬಾರಿಸುವುದು ಎಂದೆ. ಅವರು ನಕ್ಕು, ಏನಾದರೂ ಮಾಡಪ್ಪ ಎಂದರು.

ಮಂಜು ಸುರಿಯುತ್ತಿತ್ತು. ಎಂಟೂ ತಮಟೆ ಒಂದಾದ ಮೇಲೊಂದು ಇಳಿಯತೊಡಗಿದವು. ಎಲ್ಲರೂ ಒಟ್ಟಿಗೆ ಬೆಂಕಿಗೆ ಹೋದರೆ ಸದ್ದು ನಿಲ್ಲುತ್ತದೆ. ಇಳಿಯುವುದಕ್ಕೆ ಇನ್ನೂ ಸ್ವಲ್ಪ ಇದೆ ಎನ್ನುವಾಗಲೇ ಹಿಡಿದು ಇಬ್ಬಿಬ್ಬರನ್ನು ಕಳಿಸುತ್ತಾ ಹೋದೆ. ಒಂದು ಗಂಟೆ ಹೊತ್ತು ಆರು ತಮಟೆಗಿಂತ ಕಮ್ಮಿಯಾಗಲಿಲ್ಲ. ಆದರೂ ಆನೆಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಒಂದೇ ಸಮನೆ ಬರುವ ತಾಳಕ್ಕೆ ಅವು ಒಗ್ಗಿಕೊಂಡಿದ್ದವು. ಅದು ನನಗೆ ಹೊಳೆದಾಗ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದೆ. ಹೊಲ ಗಪ್ಪಾಯಿತು. ಆನೆಗಳು ಕಿವಿ ಅಗಲಿಸಿ ತಲೆ ಎತ್ತಿದವು. ಆಗ ಎಂಟೂ ಜನ ಒಟ್ಟಿಗೆ ಅಂಚಿಗೆ ಒಂದೇ ಒಂದು ‘ಟಣ್’ ಕೊಟ್ಟೆವು. ಮತ್ತೆ ಗಪ್ಪು. ಮತ್ತೆ ಒಂದು. ನಾಲ್ಕನೆಯದಕ್ಕೆ ಮೂರೂ ಕಾಡಿನ ಕಡೆ ತಿರುಗಿದವು. ಜೋರು ಒಂದೇ ಸಾಲದು, ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು.

ಅವತ್ತು ಬೆಂಕಿಗೂ ಸಾಲಿಗೂ ಹೆಚ್ಚು ಸಲ ಓಡಿದವನು ಪುಟ್ಟಮಾದ. ಅವನು ನನ್ನ ಹೆಂಡತಿ ನಂಜಮ್ಮನ ತಮ್ಮ. ನನ್ನ ಮದುವೆಯಾದ ಮಾರನೆಯ ವರ್ಷ ಮೇಳಕ್ಕೆ ಸೇರಿದ, ಮೂವತ್ತು ವರ್ಷ ನನ್ನ ಪಕ್ಕದಲ್ಲೇ ನಿಂತ. ನನಗಿಂತ ಚೆನ್ನಾಗಿ ಚರ್ಮ ಬಿಗಿಯುತ್ತಿದ್ದ, ಮತ್ತು ನಾನು ಅದನ್ನು ಅವನ ಮುಂದೆ ಒಂದು ಸಲವೂ ಹೇಳಿರಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಬಂತು. ಮೊದಲು ಯಾರೋ ಆಸ್ಪತ್ರೆಯ ಎಕ್ಸ್‌ರೇ ಹಾಳೆ ಬಿಗಿದುಕೊಂಡು ಬಂದರು. ಆಮೇಲೆ ಕೊಳ್ಳೇಗಾಲದ ಅಂಗಡಿಯಲ್ಲಿ ನಟ್ಟು ಬೋಲ್ಟಿನ ಬಳೆಯ ರೆಡಿಮೇಡ್ ತಮಟೆಗಳು ತೂಗತೊಡಗಿದವು. ಅದರ ಗುಣವನ್ನೂ ಹೇಳಬೇಕು. ಮಳೆಯಲ್ಲಿ ನೆನೆದರೂ ಇಳಿಯುವುದಿಲ್ಲ. ಬೆಂಕಿ ಬೇಡ, ಗರಿ ಬೇಡ. ಹಗುರ. ಚರ್ಮ ಸಿಗುವುದೂ ಕಷ್ಟವಾಗುತ್ತಿತ್ತು, ಹದ ಮಾಡುವವರು ಉಳಿದಿರಲಿಲ್ಲ. ಆದರೆ ಅದಕ್ಕೆ ‘ಟಣ್’ ಒಂದೇ ಗೊತ್ತು. ನಡುವಿಗೆ ಹೊಡೆದರೂ ‘ಟಣ್’, ಅಂಚಿಗೆ ಹೊಡೆದರೂ ‘ಟಣ್’. ಹೊಟ್ಟೆಯೊಳಗೆ ಇಳಿಯುವ ‘ಧೂಂ’ ಅದಕ್ಕಿಲ್ಲ. ಸಾವಿನ ಮನೆಯ ಮುಂದೆ ಅದನ್ನು ಬಾರಿಸಿದರೆ ತಗಡು ಬಡಿದಂತಿರುತ್ತದೆ. ನಾನಿರುವ ತನಕ ನಮ್ಮ ಮೇಳಕ್ಕೆ ಪ್ಲಾಸ್ಟಿಕ್ ಬರುವುದಿಲ್ಲ ಎಂದು ಹೇಳಿದೆ. ಅಕ್ಕಪಕ್ಕದ ಮೇಳಗಳೆಲ್ಲ ಬದಲಾದವು, ನಾವು ಬದಲಾಗಲಿಲ್ಲ. ಈ ಮಾತನ್ನು ಇವತ್ತೂ ಹಿಂತೆಗೆದುಕೊಳ್ಳುವುದಿಲ್ಲ.

ಈಗ ಕಿವಿಗೆ ಬರುತ್ತೇನೆ. ಎಡದ ತುದಿಯಲ್ಲಿ ನಿಂತವನಿಗೆ ಏಳು ತಮಟೆಯ ಏಟೂ ಬಲಗಡೆಯಿಂದ ಬರುತ್ತದೆ. ನಲವತ್ತು ವರ್ಷ ಬಂತು. ಮೊದಲು ಹೋದದ್ದು ಸೀಳುಕಡ್ಡಿಯ ‘ಚಟ್’. ಅದು ಹೋದದ್ದೇ ನನಗೆ ಗೊತ್ತಾಗಲಿಲ್ಲ, ಇವರ ಎಡಗೈ ಸೋಮಾರಿಯಾಗಿದೆ ಎಂದುಕೊಂಡು ಎಲ್ಲರಿಗೂ ಬೈದೆ. ಅವರು ಬೈಸಿಕೊಂಡರು. ಮನೆಯಲ್ಲಿ ನಂಜಮ್ಮ ಬಲಗಡೆಯಿಂದ ಕರೆದರೆ ನಾನು ಓಗೊಡುತ್ತಿರಲಿಲ್ಲ. “ಊರ್ನೋರ್ ತಮ್ಟೆ ಎಲ್ಲ ಕೇಳ್ತದ, ಎಡ್ತಿ ಕರ್ದುದ್ ಒಂದ್ ಕೇಳ್ಸಲ್ಲ ಇವ್ರ್ಗ” ಎಂದು ಅವಳು ತಮ್ಮನ ಮುಂದೆ ಆಡಿಕೊಂಡಳು. ಪುಟ್ಟಮಾದ ನಗಲಿಲ್ಲ. ಅವನು ಯಾಕೆ ನಗಲಿಲ್ಲ ಎಂದು ನಾನು ಅವತ್ತು ಯೋಚಿಸಲಿಲ್ಲ.

ಕೊರೊನಾ ಬಂದು ಮೇಳ ನಿಂತಿತು. ಮನೆಯ ಸದ್ದಿಲ್ಲದ ಜಾಗದಲ್ಲಿ ಕುಳಿತಾಗ ನನಗೇ ಖಾತ್ರಿಯಾಯಿತು. ಗಡಿಯಾರವನ್ನು ಬಲಗಿವಿಗೆ ಹಿಡಿದರೆ ಏನೂ ಇಲ್ಲ, ಎಡಗಿವಿಗೆ ಹಿಡಿದರೆ ಸ್ವಲ್ಪ. ಡಾಕ್ಟರ ಹತ್ತಿರ ಹೋಗಲಿಲ್ಲ. ಮೇಳ ಮತ್ತೆ ಶುರುವಾದಾಗ ನಾನು ಬಲದ ತುದಿಗೆ ಹೋಗಿ ನಿಂತೆ, ಎಡಗಿವಿ ಅವರ ಕಡೆ ಬರಲಿ ಎಂದು. ಮುಂದಾಳು ಬಲಕ್ಕೆ ನಿಂತರೆ ದೇವರಿಗೆ ಒಳ್ಳೆಯದು ಎಂದು ಸುಳ್ಳು ಹೇಳಿದೆ. ಕಿವಿಗೆ ಸಿಗದ್ದನ್ನು ಕಣ್ಣಿನಿಂದ ಹಿಡಿಯತೊಡಗಿದೆ. ಕೋಲು ಚರ್ಮದಿಂದ ಪುಟಿಯುವುದನ್ನು ನೋಡುವುದು, ಬಾರಿಸುವವನ ಮುಖ ನೋಡುವುದು. ಸುಮಾರಾಗಿ ನಡೆಯುತ್ತಿತ್ತು. ನನ್ನ ತೀರ್ಪು ಒಂದೂ ತಪ್ಪುತ್ತಿಲ್ಲವಲ್ಲ ಎಂದು ಒಳಗೊಳಗೆ ಬೀಗಿದ್ದೂ ಉಂಟು.

ಮಾರನೆಯ ವರ್ಷ ಕೊಳ್ಳೇಗಾಲದಲ್ಲಿ ಹಗಲು ಮೆರವಣಿಗೆ. ಬೇರೆ ಬೇರೆ ಊರಿನ ಮೇಳಗಳು ಬಾರಿಸುತ್ತಾ ಸಾಗಬೇಕು, ಒಂದನ್ನು ಆರಿಸಿ ಹೊರರಾಜ್ಯಕ್ಕೆ ಕಳಿಸುತ್ತಾರೆ ಎಂದಿತ್ತು. ಚರ್ಮದ ತಮಟೆ ನಮ್ಮದೊಂದೇ. ನಾವೇ ಹೋಗುತ್ತೇವೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬೆಳಗ್ಗೆ ಒಂದು ಹನಿ ಮಳೆ ಬಂದು ನಿಂತಿತ್ತು, ಹೊರಡುವ ಹೊತ್ತಿಗೆ ಬಿಸಿಲು. ಎಲ್ಲರೂ ಕಾಯಿಸಿಕೊಂಡು ಸಾಲು ನಿಂತು ಒಂದು ಸುತ್ತು ಬಾರಿಸಿ ನೋಡಿದರು. ನನಗೆ ಪುಟ್ಟಮಾದನ ಕಡೆಯಿಂದ ದನಿ ಮಂಕಾಗಿ ಬಂದಂತಾಯಿತು.

“ಪುಟ್ಮಾದ, ನಿಂದು ಇಳ್ದದ. ಕಾಯ್ಸ್ಕಬಾ.”

ಅವನು ಬೆರಳಲ್ಲಿ ಚರ್ಮ ತಟ್ಟಿ ನೋಡಿದ. ಆ ಚರ್ಮ ಅವನ ಮನೆಯದೇ. ಕಾಯಿಲೆ ಬಂದು ಸತ್ತ ಎಮ್ಮೆಗರುವಿನದು, ತಾನೇ ಹದ ಮಾಡಿ ಬಿಗಿದದ್ದು. ಹನ್ನೊಂದು ವರ್ಷ ಬಾಳಿತ್ತು.

“ಸರ್ಯಾಗೇ ಅದ ಬಾವ.”

“ಇಳ್ದದ ಅಂದ್ರ ಇಳ್ದದ. ಓಗು.”

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ, ಆಮೇಲೆ ಹೋದ. ರಸ್ತೆಯ ಪಕ್ಕದಲ್ಲಿ ಉರಿಯುತ್ತಿದ್ದ ಗರಿಯ ಮೇಲೆ ತಮಟೆಯನ್ನು ದೂರದಲ್ಲೇ ಹಿಡಿದು ತಿರುಗಿಸಿದ. ಸಾಲದು, ಹತ್ತಿರ ಹಿಡಿ ಎಂದು ನಾನು ಕೈಸನ್ನೆ ಮಾಡಿದೆ. ಹತ್ತಿರ ಹಿಡಿದ. ಚರ್ಮ ಸೀಳಿದ ಸದ್ದು ನನಗೂ ಕೇಳಿಸಿತು, ಅಷ್ಟು ದೊಡ್ಡ ಸದ್ದು. ಅಂಚಿನಿಂದ ಅಂಚಿಗೆ ಬಾಯಿ ಬಿಟ್ಟಿತ್ತು.

ನಾನು ಆಗ ಮಾಡಿದ್ದನ್ನು ಬರೆಯದೆ ಬಿಡಬಹುದಿತ್ತು. ಅಷ್ಟೂ ಮೇಳಗಳ ಮುಂದೆ, ಮೂವತ್ತು ವರ್ಷದಿಂದ ಬಾರಿಸುತ್ತೀಯ, ಇನ್ನೂ ಬೆಂಕಿಯ ಅಳತೆ ಗೊತ್ತಿಲ್ಲವಾ ಎಂದು ಅವನಿಗೆ ಬೈದೆ. ಅವನು ಹರಿದ ತಮಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಹಿಂದೆ ಬರಿಗೈಯಲ್ಲಿ ನಡೆದು ಬಂದ. ಏಳು ಜನ ಬಾರಿಸಿದೆವು. ನಮ್ಮನ್ನು ಆರಿಸಲಿಲ್ಲ.

ಒಂದು ವಾರ ಅವನು ನಮ್ಮ ಮನೆಯ ಕಡೆ ಬರಲಿಲ್ಲ. ಎಂಟನೆಯ ದಿನ ಬೆಳಗ್ಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ತಮಟೆ. ಜಗಲಿಯ ಮೇಲೆ ನನ್ನ ಎಡಗಡೆಗೆ ಬಂದು ಕುಳಿತ. ಎಡಗಡೆಗೆ ಕುಳಿತದ್ದನ್ನು ನಾನು ಗಮನಿಸಿದೆ.

“ಎಲ್ರೂ ಇದ್ನೇ ತಕ್ಕಬುಡವು ಬಾವ” ಎಂದ. “ಇದು ಇಳ್ಯದೇ ಇಲ್ಲ. ಯಾರ್ದು ಇಳ್ದದ ಅಂತ ನೀನು ಯೋಳ್ಬೇಕಾದ್ದೇ ಇಲ್ಲ. ನೀನೇ ಮುಂದ ನಿಂತ್ಕ, ಇನ್ನತ್ತು ವರ್ಷ ನಿಂತ್ಕ.”

ನನಗೆ ಮೊದಲು ಸಿಟ್ಟು ಬಂತು, ಪ್ಲಾಸ್ಟಿಕ್ ತಂದನಲ್ಲ ಎಂದು. ಆಮೇಲೆ ಅವನು ಹೇಳಿದ್ದರ ಅರ್ಥ ನಿಧಾನವಾಗಿ ಇಳಿಯಿತು. ಎಂದಿನಿಂದ ಗೊತ್ತು ಎಂದು ಕೇಳಿದೆ. ಕೊರೊನಾಕ್ಕೂ ಮುಂಚಿನಿಂದ ಎಂದ. ಸೀಳುಕಡ್ಡಿ ಸರಿಯಾಗಿ ಆಡುತ್ತಿದ್ದರೂ ನಾನು ಬೈದೆನಲ್ಲ, ಆವಾಗಿನಿಂದ. ಮೇಳಕ್ಕೆಲ್ಲ ಗೊತ್ತಿತ್ತಂತೆ. ಯಾರದಾದರೂ ಇಳಿದರೆ ಪುಟ್ಟಮಾದ ಕೇಳಿಸಿಕೊಂಡು ಅವನ ಕಡೆ ಕಣ್ಣು ಹಾಯಿಸುತ್ತಿದ್ದ. ಇಳಿದವನು ನನಗೆ ಕಾಣುವ ಹಾಗೆ ಕೋಲನ್ನು ಭಾರವಾಗಿ ಎತ್ತಿ ಮುಖ ಸೊಟ್ಟ ಮಾಡುತ್ತಿದ್ದ. ನಾನು ನೋಡಿ ಹೆಸರು ಕೂಗುತ್ತಿದ್ದೆ. ಒಂದೂ ತಪ್ಪದ ನನ್ನ ತೀರ್ಪುಗಳು ಅವು.

“ಆ ದಿನ ಸರ್ಯಾಗೇ ಅದ ಅಂತ ಗೊತ್ತಿದ್ದೂ ಯಾಕ್ಲಾ ಬೆಂಕಿಗ್ ಇಡುದ?” ಎಂದೆ.

“ನಿಂಗ ಕಿವಿ ಕೇಳ್ಸಲ್ಲ ಅಂತ ಅಷ್ಟ್ ಜನ್ರ ಮುಂದ ನಾ ಯಂಗ್ ಯೋಳನ ಬಾವ? ಚರ್ಮ ಇನ್ನೊಂದ್ ಸಿಕ್ತದ.”

ಅವನು ಹೋದ ಮೇಲೆ ಆ ಪ್ಲಾಸ್ಟಿಕ್ ತಮಟೆಯನ್ನು ಎದುರಿಗೆ ಇಟ್ಟುಕೊಂಡು ಮಧ್ಯಾಹ್ನದ ತನಕ ಕುಳಿತೆ. ಹೂಂ ಎಂದರೆ ಎಲ್ಲ ಸಲೀಸು. ಕಾಲ ಬದಲಾಯಿತು, ಚರ್ಮ ಸಿಗುವುದಿಲ್ಲ ಎಂದು ಒಂದು ಮಾತು ಹೇಳಿದರೆ ಊರು ಒಪ್ಪುತ್ತಿತ್ತು. ಮುಂದಾಳಿನ ಜಾಗ ನನ್ನದೇ ಆಗಿರುತ್ತಿತ್ತು. ಚರ್ಮವೇ ಬೇಕು ಎಂದರೆ ಕಿವಿ ಇರುವವನು ಅಲ್ಲಿ ನಿಲ್ಲಬೇಕು, ಅದು ನಾನಲ್ಲ. ಪ್ಲಾಸ್ಟಿಕ್ ಬರುವುದಿಲ್ಲ ಎಂದು ನಾನು ಆಡಿದ ಮಾತಿಗೆ ಈಗ ನಾನೇ ಅಡ್ಡ ನಿಂತಿದ್ದೆ. ನಂಜಮ್ಮ ಊಟಕ್ಕೆ ಕರೆದಳು, ಎಡಗಡೆಯಿಂದ. ಅವಳಿಗೂ ಗೊತ್ತಿತ್ತು ಎಂದು ಆಗ ತಿಳಿಯಿತು.

ಸಂಜೆ ಬಿಸಿಲಿರುವಾಗಲೇ ಎಲ್ಲರನ್ನೂ ಸಮುದಾಯ ಭವನದ ಮುಂದೆ ಕರೆಸಿದೆ. ಸಾಲು ನಿಲ್ಲಿ ಎಂದೆ, ನಿಂತರು. ನನಗೆ ಭಾಷಣ ಬರುವುದಿಲ್ಲ. ಬಲಗಿವಿ ಹೋಗಿದೆ, ಎಡಗಿವಿ ಅರ್ಧ ಹೋಗಿದೆ, ಪುಟ್ಟಮಾದನ ತಮಟೆ ಸರಿಯಾಗಿತ್ತು, ಸೀಳಿದ್ದು ಅವನ ಬೆಂಕಿಯಲ್ಲ ನನ್ನ ಮಾತು ಎಂದು ಹೇಳಿದೆ. ಯಾರೂ ಆಶ್ಚರ್ಯಪಡಲಿಲ್ಲ, ನೆಲ ನೋಡುತ್ತಾ ನಿಂತರು. ಪ್ಲಾಸ್ಟಿಕ್ ತಮಟೆಯನ್ನು ಪುಟ್ಟಮಾದನ ಕೈಗೆ ಹಿಂದಕ್ಕೆ ಕೊಟ್ಟು, ಅಂಗಡಿಯವನು ವಾಪಸ್ಸು ತೆಗೆದುಕೊಂಡರೆ ಕೊಟ್ಟು ಬಾ, ಇಲ್ಲದಿದ್ದರೆ ಮಕ್ಕಳು ಆಡಲಿ ಎಂದೆ. ಅವನು ಮುಂದಾಳಿನ ಹಳೆಯ ಜಾಗಕ್ಕೆ, ಎಡದ ತುದಿಗೆ, ಹೋಗಲು ಒಪ್ಪಲಿಲ್ಲ. ತೋಳು ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದೆ.

ಆ ಮೇಲೆ ಅವನ ಹರಿದ ತಮಟೆಗೆ ಹೊಸ ಚರ್ಮ ಹುಡುಕಿದೆ. ಹನೂರಿನ ಕಡೆ ಮೂರು ಸಲ ತಿರುಗಿ ಒಂದು ಒಳ್ಳೆಯ ಆಡಿನ ಚರ್ಮ ತಂದೆ. ನಾನೇ ನೆನೆಸಿದೆ, ಹೆರೆದೆ, ಹುಣಸೆ ಬೀಜ ಅರೆದೆ. ಬಿಗಿಯುವಾಗ ಒಂದು ಕಡೆ ಸುಕ್ಕು ಬಂತು. ಪುಟ್ಟಮಾದ ನೋಡಿ ಏನೂ ಹೇಳದೆ ಅದನ್ನು ಬಿಚ್ಚಿ ಮತ್ತೆ ಬಿಗಿದ. ನಿನ್ನ ಕೈ ನನ್ನದಕ್ಕಿಂತ ಚೆನ್ನ ಎಂದು ಆಗ ಹೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ.

ಆಮೇಲೆ ಒಂದು ವರ್ಷ ನಾನು ಸಾಲಿನ ಐದನೆಯವನಾಗಿ ನಿಂತು ಬಾರಿಸಿದೆ. ಮೊದಲ ಎರಡು ಮೂರು ಕಡೆ ಪುಟ್ಟಮಾದ ನನ್ನ ಹೆಸರು ಕೂಗಲಿಲ್ಲ. ನನ್ನದು ಇಳಿದಿರಲಿಲ್ಲವೋ, ಅವನಿಗೆ ಸಂಕೋಚವೋ ತಿಳಿಯದು. ಯಳಂದೂರಿನಲ್ಲಿ ಒಂದು ಮಧ್ಯಾಹ್ನ, ಬೆವರು ಸುರಿಯುತ್ತಿದ್ದಾಗ, ಎಡಗಿವಿಗೆ ಅವನ ಕೂಗು ಬಂತು. “ಬಾವ, ನಿಂದು ಇಳ್ದದ.” ಇಳಿದದ್ದು ನನಗೆ ಕೇಳಿಸುತ್ತಿರಲಿಲ್ಲ, ನನ್ನ ಕೈಗೆ ಸರಿಯಾಗಿಯೇ ಇತ್ತು. ನಾನು ತಟ್ಟಿ ನೋಡಲಿಲ್ಲ. ಬೆಂಕಿಯ ಹತ್ತಿರ ಹೋಗಿ ಅಂಗೈಯನ್ನು ಚರ್ಮದ ಮೇಲಿಟ್ಟೆ. ಒದ್ದೆಯಾಗಿತ್ತು. ಅವನು ಹೇಳಿದ್ದು ಸರಿ. ಕಾಯಿಸಿಕೊಂಡು ಬಂದು ಐದನೆಯ ಜಾಗದಲ್ಲಿ ನಿಂತೆ.

ಅವನು ಮುಂದಾಳಾಗಿ ಗಟ್ಟಿಯಾದ ಮೇಲೆ, ೨೦೨೩ರಲ್ಲಿ ನಾನು ಮೇಳ ಬಿಟ್ಟೆ. ಯಾರೂ ಬಿಡಿಸಲಿಲ್ಲ.

ಕಲಿಯಲು ಬರುವವರಿಗೆ ಕೊನೆಯದಾಗಿ ಎರಡು ಮಾತು. ಸಾಲಿನಲ್ಲಿ ದಿನವೂ ಒಂದೇ ಜಾಗದಲ್ಲಿ ನಿಲ್ಲಬೇಡಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮುಂದಾಳು ಕಳಿಸಿದರೆ ಬೆಂಕಿಗೆ ಹೋಗಬೇಕು ಎಂಬ ಕಟ್ಟು ಈಗಲೂ ಇದೆ, ಆದರೆ ಪುಟ್ಟಮಾದ ಅದಕ್ಕೆ ಒಂದು ಸೇರಿಸಿದ್ದಾನೆ. ಕೂಗಿಸಿಕೊಂಡವನು ಚರ್ಮ ತಟ್ಟಿ ನೋಡಿ ಸರಿಯಾಗಿದೆ ಎಂದರೆ ಮುಂದಾಳು ಬಂದು ತನ್ನ ಕೈಯಿಂದ ತಟ್ಟಿ ನೋಡಬೇಕು. ಆ ಮೇಲೆ ಬೆಂಕಿ.

ಈಗ ನನ್ನ ಹತ್ತಿರ ಇರುವುದು: ಚರ್ಮದ ತಮಟೆ ಎರಡು, ಅದರಲ್ಲಿ ಒಂದಕ್ಕೆ ಹೊಸ ಚರ್ಮ ಆಗಬೇಕು. ದಪ್ಪ ಕೋಲು ನಾಲ್ಕು, ಸೀಳುಕಡ್ಡಿ ಒಂದು ಕಟ್ಟು. ಭಾನುವಾರ ಬರುವವರು ಹನ್ನೊಂದು ಜನ, ಅವರಲ್ಲಿ ಹುಡುಗಿಯರು ನಾಲ್ವರು, ಚರ್ಮದ ತಮಟೆ ಇಟ್ಟುಕೊಂಡಿರುವವರು ಮೂವರು. ಕಿವಿಯ ಮಿಷನ್ ಒಂದು. ಬಲಗಿವಿಗೆ ಕೇಳಿಸುವುದು ಏನೂ ಇಲ್ಲ. ಎಡಗಿವಿಗೆ ಪುಟ್ಟಮಾದನ ‘ಧೂಂ’ ಕೇಳಿಸುತ್ತದೆ, ‘ಟಣ್’ ಕೇಳಿಸುತ್ತದೆ. ‘ಚಟ್’ ಕೇಳಿಸುವುದಿಲ್ಲ.